ಕವಲುತೋಕೆಯ ಗೂಡು ನೋಡಿ ಬಂದದ್ದು

ನೇಪಾಳಕ್ಕೆ ಹೋಗಿ ಪಶುಪತಿನಾಥನನ್ನೂ ನೋಡದೆ, ಹಿಮಾಲಯವನ್ನೂ ನೋಡದೆ ಬಂದವರು ನಮ್ಮ ಚಳ್ಳಕೆರೆ ಸೀಮೆಯಲ್ಲಿ ಹದಿನೆಂಟು ಜನ ಇದ್ದೇವೆ. ಅವರಲ್ಲಿ ಹದಿನಾರು ಜನ ಈಗಲೂ ಸಂತೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಸಿಕ್ಕರೆ ಆ ಯಾತ್ರೆಯನ್ನು ಬೈದುಕೊಂಡೇ ಮುಂದೆ ಹೋಗುತ್ತಾರೆ. ಉಳಿದ ಇಬ್ಬರು ನಾನು ಮತ್ತು ನಮ್ಮ ಅತ್ತೆ ಬೋರಮ್ಮ. ನಾವು ಬೈಯುವುದಿಲ್ಲ. ಹಾಗೆಂದು ಹೊಗಳುವುದೂ ಇಲ್ಲ. ಯಾರಾದರೂ ಕೇಳಿದರೆ ಅತ್ತೆ ನನ್ನ ಮುಖ ನೋಡುತ್ತಾರೆ, ನಾನು ಮಾತು ಬೇರೆ ಕಡೆ ತಿರುಗಿಸುತ್ತೇನೆ. ಇಲ್ಲಿ ತಿರುಗಿಸದೆ ಬರೆಯಬೇಕೆಂದು ಕೂತಿದ್ದೇನೆ.

ಮೊಳಕಾಲ್ಮೂರಿನ ತಂತಿ

ನಮ್ಮ ಯಜಮಾನರು ಓಬಳೇಶ ಮೊಳಕಾಲ್ಮೂರಿನಲ್ಲಿ ಲೈನ್‌ಮನ್ ಆಗಿದ್ದರು. ನಾನು ಅದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಅವರ ಹಟ್ಟಿ ಇರುವುದು ಚಳ್ಳಕೆರೆ ಕಡೆ, ಉಳ್ಳಾರ್ತಿ ಕಾವಲು ಎಂಬ ಹುಲ್ಲುಬಯಲಿನ ಅಂಚಿನಲ್ಲಿ. ಅತ್ತೆ, ಮೈದುನ, ಕುರಿಗಳು ಎಲ್ಲಾ ಅಲ್ಲಿ. ನಾವಿಬ್ಬರು ಇಲ್ಲಿ, ನೇಕಾರರ ಬೀದಿಯ ಒಂದು ಬಾಡಿಗೆ ಮನೆಯಲ್ಲಿ.

ದಸರೆ ಕಳೆದ ಮೇಲೆ ನಮ್ಮೂರಿನ ಕರೆಂಟು ತಂತಿಗಳ ಮೇಲೆ ಒಂದು ಬಗೆಯ ಹಕ್ಕಿ ಬಂದು ಕೂರುತ್ತದೆ. ಒಂದಲ್ಲ ಹತ್ತಲ್ಲ, ತಂತಿ ಜಗ್ಗುತ್ತದೇನೋ ಅನ್ನುವಷ್ಟು. ಸಂಜೆ ಬಂದು ಸಾಲುಗಟ್ಟುತ್ತವೆ, ಬೆಳಿಗ್ಗೆ ಚದುರುತ್ತವೆ. ಬೇಸಿಗೆ ಬಲಿಯುವ ಹೊತ್ತಿಗೆ ಒಂದೂ ಇರುವುದಿಲ್ಲ. ಮದುವೆಯಾದ ವರ್ಷವೇ ಅವರು ಕೇಳಿದ್ದರು, ಟೀಚರಮ್ಮ, ಇದು ಯಾವ ಹಕ್ಕಿ ಅಂತ. ನಾನು ಮಕ್ಕಳ ಕಾಪಿ ತಿದ್ದುತ್ತಿದ್ದವಳು ತಲೆ ಎತ್ತದೆ, ಹಳ್ಳದ ಸೇತುವೆ ಕೆಳಗೆ ಗೂಡು ಕಟ್ಟುವ ಹಕ್ಕಿಯೇ ಅದು ಎಂದುಬಿಟ್ಟೆ.

ಒಂದು ವಾರ ನಂಬಿಕೊಂಡಿದ್ದರು. ಆಮೇಲೆ ಒಂದು ಭಾನುವಾರ ಬೆನ್ನೆಲ್ಲ ಕೆಸರು ಮಾಡಿಕೊಂಡು ಮನೆಗೆ ಬಂದರು. ಸೇತುವೆಯ ಕೆಳಗೆ ಅಂಗಾತ ಮಲಗಿ ಗೂಡು ನೋಡಿದ್ದರಂತೆ.

"ನೀನು ಹೇಳಿದ್ದು ತಪ್ಪು ಕಣೆ. ಸೇತುವೆ ಹಕ್ಕೀದು ತಲೆ ಕೆಂಪು, ಕತ್ತು ಬಿಳಿ, ಬಾಲದಾಗೆ ಎರಡು ಸಣ್ಣ ತಂತಿ ಐತೆ. ನಮ್ಮದು ತಲೆ ನೀಲಿ, ಕತ್ತು ಕೆಂಪು, ಎದೆಗೆ ಕರೀ ಪಟ್ಟಿ. ಅದು ಬ್ಯಾರೆ, ಇದು ಬ್ಯಾರೆ," ಎಂದರು.

ನೆಲದ ಮೇಲಿರುವವರಿಗೆ ಅವೆಲ್ಲ ಕಪ್ಪು ಚುಕ್ಕೆಗಳು. ಕಂಬ ಹತ್ತುವವರಿಗೆ ಎದುರು ಮನೆಯವರಷ್ಟು ಹತ್ತಿರ. ಅವರಿಗೆ ಅದೊಂದು ಹುಚ್ಚೇ ಆಯಿತು. ಜಟಿಂಗ ರಾಮೇಶ್ವರದ ಬೆಟ್ಟಕ್ಕೆ ಹೋದಾಗ ನಾನು ದೇವರಿಗೆ ಕೈ ಮುಗಿಯುತ್ತಿದ್ದರೆ ಅವರು ಬಂಡೆಯ ಚಾಚಿನ ಕೆಳಗೆ ಸೀಸೆಯ ಹಾಗೆ ಕತ್ತಿರುವ ಮಣ್ಣಿನ ಗೂಡೊಂದನ್ನು ನೋಡುತ್ತಿದ್ದರು. ಅದರ ಹಕ್ಕಿಗೆ ಸೊಂಟದ ಮೇಲೆ ಕಂದುಗೆಂಪು, ಹೊಟ್ಟೆಯ ಮೇಲೆ ಗೆರೆಗೆರೆ. ಅದು ಮೂರನೆಯ ಜಾತಿ. ಹೀಗೆ ಒಂದಕ್ಕೆ ಸೇತುವೆ ಸಿಕ್ಕಿತು, ಒಂದಕ್ಕೆ ಬಂಡೆ ಸಿಕ್ಕಿತು. ತಂತಿಯ ಹಕ್ಕಿಯ ಗೂಡು ಮಾತ್ರ ನಮ್ಮ ತಾಲ್ಲೂಕಿನಲ್ಲಿ ಎಲ್ಲಿಯೂ ಸಿಗಲಿಲ್ಲ. ಇವು ಮರಿ ಎಲ್ಲಿ ಮಾಡುತ್ತವೆ ಎಂದು ಅವರು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದರು. ನನಗೆ ಬೇಸರ ಬರುತ್ತಿತ್ತು. ಹುಡುಕಿ ಹೇಳುತ್ತೇನೆ ಅನ್ನುತ್ತಿದ್ದೆ, ಹುಡುಕುತ್ತಿರಲಿಲ್ಲ.

ಅವರು ತೀರಿಕೊಂಡದ್ದು ಒಂದು ಫೆಬ್ರವರಿಯಲ್ಲಿ, ಕಂಬದ ಮೇಲೆ. ನಮ್ಮ ಬೀದಿಗೆ ಕರೆಂಟು ಕೊಡಲು ಹತ್ತಿದವರು ಶಾಕ್ ಹೊಡೆದು ಸತ್ತರೆಂದು ಊರು ತಿಳಿಯಿತು. ಅತ್ತೆಗೂ ನಾನು ಹಾಗೇ ಹೇಳಿದೆ. ನಡೆದದ್ದು ಅಷ್ಟೇ ಆಗಿರಲಿಲ್ಲ. ಪೂರ್ತಿ ಗೊತ್ತಿದ್ದದ್ದು ಇಬ್ಬರಿಗೆ, ಅವರ ಜೊತೆ ಕೆಲಸ ಮಾಡುತ್ತಿದ್ದ ಗೋವಿಂದಣ್ಣನಿಗೆ ಮತ್ತು ನನಗೆ.

ಅವರು ಹೋದ ಮೇಲೆ ಒಂದು ದಿನ ಚಿತ್ರದುರ್ಗದ ಗ್ರಂಥಾಲಯದಲ್ಲಿ ಕೂತು ಹಕ್ಕಿಗಳ ಪುಸ್ತಕ ತೆಗೆಸಿ ನೋಡಿದೆ. ಅರ್ಧ ಗಂಟೆಯ ಕೆಲಸ. ಅದರ ಹೆಸರು ಕವಲುತೋಕೆ. ನಮ್ಮಲ್ಲಿಗೆ ಚಳಿಗಾಲ ಕಳೆಯಲು ಬರುತ್ತದೆ. ಮರಿ ಮಾಡುವುದು ಹಿಮಾಲಯದ ಮಡಿಲಲ್ಲಿ ಮತ್ತು ಅದರಾಚೆ ಸೈಬೀರಿಯಾದವರೆಗೆ. ಕಾಡಿನಲ್ಲಿ ಗೂಡು ಕಟ್ಟುವುದು ಕಡಿಮೆ, ಮನುಷ್ಯರ ಮನೆಯೊಳಗೇ ಬಂದು ಕಟ್ಟುತ್ತದೆ ಎಂದಿತ್ತು. ಆ ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ. ಯಾರಿಗೆ ಹೇಳಬೇಕಿತ್ತೋ ಅವರು ಇರಲಿಲ್ಲ.

ಮುಂದಿನ ವರ್ಷ ಕಳೆದು ಅದರ ಮುಂದಿನ ಬೇಸಿಗೆಯಲ್ಲಿ ಅತ್ತೆ ಕಾಶಿಗೆ ಹೋಗಿ ಮಗನ ಕಾರ್ಯ ಮಾಡಬೇಕೆಂದರು. ಚಳ್ಳಕೆರೆಯ ಒಬ್ಬ ನಿವೃತ್ತ ಮೇಷ್ಟರು ಕರೆದುಕೊಂಡು ಹೋಗುವ ತಂಡ ಕಾಶಿಯಿಂದ ಪಶುಪತಿನಾಥ, ಮುಕ್ತಿನಾಥ ನೋಡಲು ನೇಪಾಳಕ್ಕೂ ಹೋಗುವುದಿತ್ತು. ಮೈದುನನಿಗೆ ಕುರಿ ಬಿಟ್ಟು ಬರಲಾಗದು. ನಾನೇ ಬರುತ್ತೇನೆ ಎಂದೆ. ಸೊಸೆ ಎಷ್ಟು ಒಳ್ಳೆಯವಳು ಎಂದು ಹಟ್ಟಿಯವರು ಮಾತಾಡಿಕೊಂಡರಂತೆ. ನನಗೆ ಬೇಕಿದ್ದದ್ದು ಆ ಗೂಡು.

ಸೋನೌಲಿ

ಗುಂತಕಲ್ಲಿನಲ್ಲಿ ರೈಲು ಹತ್ತಿದ ಗಳಿಗೆಯಿಂದ ಅತ್ತೆ ಸಿಕ್ಕಿದವರಿಗೆಲ್ಲ ಮಗನ ವಿಷಯ ಹೇಳುತ್ತಾ ಬಂದರು. ಕನ್ನಡ ಬಾರದವರಿಗೆ ತೆಲುಗಿನಲ್ಲಿ. ತೆಲುಗೂ ಬಾರದವರಿಗೆ ಅದೇ ತೆಲುಗನ್ನು ಇನ್ನಷ್ಟು ಜೋರಾಗಿ. ನನ್ನ ಮಗ ಊರಿಗೆ ಬೆಳಕು ಕೊಡಕ್ಕೆ ಹೋಗಿ ಸತ್ತ ಅನ್ನುವುದು ಅದರ ಸಾರ. ಭೋಪಾಲದ ಆಚೆಯ ಒಬ್ಬಾಕೆ ಏನೂ ಅರ್ಥವಾಗದೆಯೂ ಅತ್ತೆಯ ಕೈ ಹಿಡಿದುಕೊಂಡಿದ್ದಳು. ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಕಾಶಿಯ ಕಾರ್ಯ ಮುಗಿಯಿತು. ಅದರ ಬಗ್ಗೆ ಬರೆಯಲಾರೆ. ಅಲ್ಲಿಂದ ಗೋರಖಪುರ, ಅಲ್ಲಿಂದ ಬಸ್ಸಿನಲ್ಲಿ ಸೋನೌಲಿ ಎಂಬ ಗಡಿಯೂರು.

ಹೊರದೇಶ ಅಂದರೆ ಸಮುದ್ರವೋ ಬೇಲಿಯೋ ಇರಬೇಕೆಂದು ಅತ್ತೆ ಅಂದುಕೊಂಡಿದ್ದರು. ಅಲ್ಲಿದ್ದದ್ದು ಒಂದು ಕಮಾನು, ಧೂಳು, ಸೈಕಲ್ ರಿಕ್ಷಾಗಳು. ಕಮಾನಿನ ಈಚೆ ನಿಂತವನು ಆಚೆಯವನ ಹತ್ತಿರ ಬೀಡಿಗೆ ಬೆಂಕಿ ಇಸಕೊಳ್ಳುತ್ತಿದ್ದ.

"ಇಷ್ಟೇನಾ? ಮೊಳಕಾಲ್ಮೂರಿಂದ ರಾಯದುರ್ಗಕ್ಕೆ ಹೋದಂಗೈತೆ," ಎಂದರು ಅತ್ತೆ. ನಮ್ಮೂರಿನಿಂದ ಆಂಧ್ರದ ಗಡಿ ದಾಟಿದರೆ ರಾಯದುರ್ಗ.

ಕಮಾನು ದಾಟಿದ ಕೂಡಲೇ ನಮ್ಮ ವಾಚುಗಳೆಲ್ಲ ಹದಿನೈದು ನಿಮಿಷ ಹಿಂದೆ ಬಿದ್ದವು. ಆ ದೇಶದ ಗಂಟೆ ನಮ್ಮದಕ್ಕಿಂತ ಕಾಲು ಗಂಟೆ ಮುಂದು. ವರ್ಷವಂತೂ ಐವತ್ತಾರೋ ಐವತ್ತೇಳೋ ಮುಂದು. ಅಂಗಡಿಯ ಕ್ಯಾಲೆಂಡರ್ ನೋಡಿ ನಮ್ಮ ಮೇಷ್ಟರು ಬೆರಳು ಮಡಿಚಿ ಎರಡೆರಡು ಸಲ ಲೆಕ್ಕ ಹಾಕಿದರು. ಭಾನುವಾರ ಅಲ್ಲಿ ಕೆಲಸದ ದಿನ, ರಜೆ ಶನಿವಾರ. ತಪಾಸಣೆಯವನು ಅತ್ತೆಯ ಗಂಟು ಬಿಚ್ಚಿ ರಾಗಿಹಿಟ್ಟನ್ನು ಕಂಡು ಇದೇನೆಂದು ಕೈಸನ್ನೆ ಮಾಡಿದ. ಅತ್ತೆ ಒಂದು ಚಿಟಿಕೆ ತೆಗೆದು ತಾವು ಬಾಯಿಗೆ ಹಾಕಿಕೊಂಡು, ಇನ್ನೊಂದು ಚಿಟಿಕೆಯನ್ನು ಅವನ ಮುಂದೆ ಹಿಡಿದರು. ಅವನು ನಕ್ಕು ಗಂಟು ಕಟ್ಟಿಕೊಟ್ಟ.

ಬೆಟ್ಟದ ದಾರಿ

ಸೋನೌಲಿಯಿಂದ ಒಂದು ಗಂಟೆ ನಮ್ಮ ಬಯಲಿನಂಥದೇ ನೆಲ. ಬುಟವಲ್ ಎಂಬ ಊರಿನಲ್ಲಿ ಬಯಲು ಮುಗಿದು ಗೋಡೆ ಎದ್ದ ಹಾಗೆ ಬೆಟ್ಟ ಶುರುವಾಗುತ್ತದೆ. ಬಸ್ಸು ನದಿಯನ್ನು ಪಕ್ಕಕ್ಕಿಟ್ಟುಕೊಂಡು ಸುತ್ತಿ ಸುತ್ತಿ ಹತ್ತಿತು. ನಮ್ಮವರಲ್ಲಿ ಅರ್ಧ ಜನ ಕಿಟಕಿಯಾಚೆ ತಲೆ ಹಾಕಿ ವಾಂತಿ ಮಾಡಿಕೊಂಡರು. ಅತ್ತೆಗೆ ಏನೂ ಆಗಲಿಲ್ಲ. ಕುರಿಗಳು ಮೇಯದಷ್ಟು ಕಡಿದಾದ ಜಾಗದಲ್ಲಿ ಇವರು ಜೋಳ ಹೇಗೆ ಬಿತ್ತಿದರು ಎಂಬುದೇ ಅವರ ಯೋಚನೆ. ಅದು ನಮ್ಮ ಜೋಳವಲ್ಲ, ಮುಸುಕಿನ ಜೋಳ ಎಂದು ಹೇಳಿದೆ. ಆದರೂ ಬಿತ್ತಬೇಕಲ್ಲ ಎಂದರು.

ತಾನ್ಸೇನ್ ಎಂಬ ಬೆಟ್ಟದೂರು ಇನ್ನು ಸ್ವಲ್ಪ ದೂರ ಇದೆ ಅನ್ನುವಾಗ ರಸ್ತೆಗೆ ಅಡ್ಡಲಾಗಿ ಕಲ್ಲು ಮತ್ತು ಮರದ ದಿಮ್ಮಿಗಳು ಸಿಕ್ಕಿದವು. ಬಂದ್. ಆ ವರ್ಷಗಳಲ್ಲಿ ಆ ದೇಶದಲ್ಲಿ ಬಂದ್ ಎಂದರೆ ಒಂದು ದಿನದ್ದಲ್ಲ, ಕರೆದವರಿಗೆ ಸಾಕೆನಿಸುವ ತನಕ. ಗಾಡಿ ಮುಂದೆ ಹೋದರೆ ಕಲ್ಲು ಬೀಳುತ್ತದೆ ಎಂದು ಡ್ರೈವರ್ ಬೀಗದ ಕೈ ಜೇಬಿಗೆ ಹಾಕಿಕೊಂಡು ಇಳಿದುಹೋದ. ನಾವಿದ್ದದ್ದು ರಸ್ತೆಯ ಎರಡು ಬದಿಗೆ ಹತ್ತಿಪ್ಪತ್ತು ಅಂಗಡಿಗಳಿರುವ ಒಂದು ಸಣ್ಣ ಪೇಟೆ. ಲಾಡ್ಜ್ ಎಂಬ ಬೋರ್ಡಿದ್ದ ಮನೆಯಲ್ಲಿ ಹದಿನಾರು ಜನ ಹೇಗೋ ತುಂಬಿಕೊಂಡರು. ನನಗೂ ಅತ್ತೆಗೂ ಜಾಗವಿರಲಿಲ್ಲ. ಎದುರಿನ ಅಂಗಡಿಯಾಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಬನ್ನಿ ಎಂದು ಕೈ ಮಾಡಿದಳು.

ಮಾಯಾಳ ಅಂಗಡಿ

ಆಕೆಯ ಹೆಸರು ಮಾಯಾ. ನಲವತ್ತರ ಆಸುಪಾಸು. ಕೆಳಗೆ ಅಂಗಡಿ, ಮೇಲೆ ಮನೆ. ಗಂಡ ಲುಧಿಯಾನದಲ್ಲಿ ವಾಚ್‌ಮನ್, ವರ್ಷಕ್ಕೊಮ್ಮೆ ಬರುತ್ತಾನೆ. ಅವನ ಜೊತೆ ಕೆಲವು ಕಾಲ ಅಲ್ಲಿದ್ದುದರಿಂದ ಅವಳಿಗೆ ಹಿಂದಿ ಬರುತ್ತಿತ್ತು, ನನಗೆ ಶಾಲೆಯಲ್ಲಿ ಕಲಿತ ಹಿಂದಿ ಬರುತ್ತಿತ್ತು. ಎರಡೂ ಸೇರಿ ಕೆಲಸ ನಡೆಯಿತು. ಅಂಗಡಿಯ ಹಿಂಭಾಗದಲ್ಲಿ ಒಂದು ಮಗ್ಗ. ಆ ಊರ ಕಡೆಯ ಗಂಡಸರು ಹಾಕುವ ಬಣ್ಣಬಣ್ಣದ ಟೋಪಿಯ ಬಟ್ಟೆಯನ್ನು ಅದರಲ್ಲಿ ನೇಯುತ್ತಾಳೆ. ನಮ್ಮ ಮೊಳಕಾಲ್ಮೂರಿನಲ್ಲಿ ನೇಕಾರರು ಗುಣಿಯಲ್ಲಿ ಕಾಲು ಇಳಿಬಿಟ್ಟು ನೆಲದ ಮಟ್ಟದಲ್ಲಿ ಕೂರುತ್ತಾರೆ. ಇಲ್ಲಿ ಮಗ್ಗ ನೆಲದ ಮೇಲೆ, ಅವಳು ಹಲಗೆಯ ಮೇಲೆ. ಸದ್ದು ಮಾತ್ರ ಅದೇ. ಎರಡು ವಾರದಿಂದ ಆ ಸದ್ದಿಲ್ಲದೆ ನನಗೆ ನಿದ್ದೆ ಸರಿಯಾಗಿ ಬಂದಿರಲಿಲ್ಲವೆಂದು ಆಗ ತಿಳಿಯಿತು.

ಅಂಗಡಿಯೊಳಗೆ ಕಾಲಿಟ್ಟವಳೇ ನಾನು ತಲೆ ತಗ್ಗಿಸಿದೆ. ಏನೋ ಒಂದು ಕಿವಿಯ ಪಕ್ಕದಲ್ಲಿ ಸರ್ರನೆ ಒಳಗೆ ಹೋಯಿತು. ಟ್ಯೂಬ್‌ಲೈಟಿನ ಮೇಲೆ, ತೊಲೆಗೆ ಅಂಟಿಕೊಂಡು, ಅರ್ಧ ಬಟ್ಟಲಿನಂಥ ಮಣ್ಣಿನ ಗೂಡು. ಮಣ್ಣಿನ ಉಂಡೆಗಳ ನಡುವೆ ಹುಲ್ಲಿನ ಎಳೆಗಳು. ಗೂಡಿನ ಅಂಚಿನಲ್ಲಿ ಐದು ಹಳದಿ ಬಾಯಿಗಳು ಅಗಲವಾಗಿ ತೆರೆದು ಕೂಗಿದವು, ತಾಯಿ ಒಂದೊಂದಕ್ಕೆ ತುರುಕಿ ನನ್ನ ತಲೆಯ ಮೇಲಿಂದಲೇ ಹೊರಗೆ ಹೋಯಿತು. ಮತ್ತೆ ಬಂದಾಗ ಒಂದು ಗಳಿಗೆ ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ ಕೂತಿತು. ನನಗೂ ಅದಕ್ಕೂ ನಡುವೆ ಒಂದು ಮಾರು. ಬೆನ್ನು ಹೊಳೆಯುವ ಕಡುನೀಲಿ. ಹಣೆ ಮತ್ತು ಕತ್ತು ಇಟ್ಟಿಗೆಗೆಂಪು. ಎದೆಗೆ ಅಡ್ಡಲಾಗಿ ಕರೀ ಪಟ್ಟಿ. ಕವಲೊಡೆದ ಉದ್ದ ಬಾಲ, ಅದನ್ನು ಅಗಲಿಸಿದಾಗ ಒಳಗೆ ಬಿಳೀ ಚುಕ್ಕೆಗಳ ಸಾಲು. ಆ ಚುಕ್ಕೆಗಳ ವಿಷಯ ನಮ್ಮ ಯಜಮಾನರು ಹೇಳಿರಲಿಲ್ಲ. ತಂತಿಯ ಮೇಲೆ ಕೂತಾಗ ಬಾಲ ಮಡಿಚಿರುತ್ತದೆ, ಕಂಡಿರಲಾರದು.

ಮಾಯಾ ಅದನ್ನು ಗೌಂಥಲಿ ಎಂದು ಕರೆದಳು. ಗೂಡಿನ ಕೆಳಗೆ ಅವಳು ಒಂದು ರಟ್ಟಿನ ತುಂಡನ್ನು ದಾರದಿಂದ ತೂಗುಹಾಕಿದ್ದಳು, ಹಿಕ್ಕೆ ಸಾಮಾನಿನ ಮೇಲೆ ಬೀಳದಿರಲೆಂದು. ಅಂಗಡಿ ಮುಚ್ಚುವಾಗ ಬಾಗಿಲ ಮೇಲಿನ ಒಂದು ಹಲಗೆಯನ್ನು ತೆಗೆದೇ ಇಡುತ್ತಾಳೆ, ಹಕ್ಕಿ ಬೆಳಗ್ಗೆ ಅವಳಿಗಿಂತ ಮೊದಲು ಏಳುತ್ತದೆ. ಗೌಂಥಲಿ ಬಂದ ಮನೆಗೆ ಲಕ್ಷ್ಮಿ ಬರುತ್ತಾಳೆ ಎನ್ನುವುದು ಅಲ್ಲಿನವರ ನಂಬಿಕೆ. ಹೋಳಿಯ ಹೊತ್ತಿಗೆ ಬಂದು, ಹಳೆಯ ಗೂಡಿಗೆ ಹೊಸ ಮಣ್ಣು ಮೆತ್ತಿ, ಎರಡು ಸಲ ಮರಿ ಮಾಡಿ, ದಸರೆಯ ಹೊತ್ತಿಗೆ ಹೊರಟುಹೋಗುತ್ತವಂತೆ. ಎಲ್ಲಿಗೆ ಹೋಗುತ್ತವೆ ಎಂದು ಕೇಳಿದೆ. ಕೆಳಗೆ, ನಿಮ್ಮ ಕಡೆಗೆ ಎಂದಳು. ನಮ್ಮ ಗಂಡಸರ ಹಾಗೇ ಎಂದು ಸೇರಿಸಿದಳು.

ನಾನು ಅತ್ತೆಗೆ ಏನೂ ಹೇಳಿರಲಿಲ್ಲ. ಅವರು ಗಂಟು ಇಳಿಸಿ, ಸೊಂಟ ನೀವಿಕೊಂಡು, ಮೇಲೆ ನೋಡಿ ತಾವಾಗಿಯೇ ಅಂದರು:

"ಇವು ನಮ್ಮ ಕಾವಲಾಗೆ ಕುರಿ ಕಾಲ್ದೆಸೆ ಹಾರ್ತಾವಲ್ಲ, ಅವೇ ಕಣಮ್ಮ. ಕುರಿ ನಡೆದಂಗೆ ಹುಲ್ಲಿಂದ ಹುಳ ಏಳ್ತಾವೆ, ಇವು ಬಂದು ಹಿಡೀತಾವೆ. ಇಲ್ಲಿ ಮನೆ ಮಾಡ್ಕಂಡಾವೆ ನೋಡು."

ನಮ್ಮ ಯಜಮಾನರು ಕಂಬ ಹತ್ತಿ, ಸೇತುವೆಯ ಕೆಳಗೆ ಮಲಗಿ ಹುಡುಕಿದ ಹಕ್ಕಿ ಅವರವ್ವನಿಗೆ ಮೊದಲಿಂದ ಗೊತ್ತಿತ್ತು. ಅವರು ಕೇಳಿರಲಿಲ್ಲ, ಇವರು ಹೇಳಿರಲಿಲ್ಲ.

ಊಟಕ್ಕೆ ಮಾಯಾ ಕೋದೋ ಎಂಬ ಹಿಟ್ಟಿನಲ್ಲಿ ಒಂದು ಅಡುಗೆ ಮಾಡಿದಳು. ತಟ್ಟೆಗೆ ಬಂದದ್ದನ್ನು ನೋಡಿ ಅತ್ತೆ ನನ್ನ ಮುಖ ನೋಡಿದರು. ಮುದ್ದೆ. ಕೋದೋ ಅಂದರೆ ನಮ್ಮ ರಾಗಿಯೇ, ಉಂಡೆ ಕಟ್ಟಿರಲಿಲ್ಲ ಅಷ್ಟೇ. ಅವರೂ ಅಗಿಯದೆ ನುಂಗುತ್ತಾರೆ. ಅತ್ತೆ ತಮ್ಮ ಪಾಲನ್ನು ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ ತೋರಿಸಿದರು, ಮಾಯಾ ಅದನ್ನು ಕಲಿತಳು. ಕಾಶಿ ಬಿಟ್ಟ ಮೇಲೆ ಅತ್ತೆ ಹೊಟ್ಟೆ ತುಂಬ ಉಂಡದ್ದು ಅವತ್ತೇ.

ಎರಡನೆಯ ದಿನ

ಬಂದ್ ಮುಗಿಯಲಿಲ್ಲ. ಗಂಡಸರು ರಸ್ತೆಯಲ್ಲಿ ಮೇಷ್ಟರನ್ನು ಸುತ್ತುವರಿದು ಜಗಳ ಮಾಡುತ್ತಿದ್ದರು. ಹಿಮಾಲಯ ಕಾಣುವ ಗುಡ್ಡಕ್ಕೆ ಕೆಲವರು ನಡೆದುಕೊಂಡು ಹೋಗಿ ಬಂದರು. ಬೇಸಿಗೆಯ ಮಬ್ಬಿನಲ್ಲಿ ಏನೂ ಕಾಣಲಿಲ್ಲವಂತೆ.

ನಾನು ಹಗಲೆಲ್ಲ ಹಕ್ಕಿ ನೋಡಿದೆ. ತಂದೆ ತಾಯಿ ಎರಡೂ ತಿನ್ನಿಸುತ್ತವೆ. ಇಬ್ಬರಲ್ಲಿ ಬಾಲ ಹೆಚ್ಚು ಉದ್ದ ಇರುವುದು ಗಂಡು. ನೆಲಕ್ಕೆ ಇಳಿಯುವುದೇ ಇಲ್ಲ, ಮಣ್ಣು ಬೇಕಾದಾಗ ಮಾತ್ರ. ನೀರನ್ನೂ ಹಾರುತ್ತಲೇ ಕುಡಿಯುತ್ತವೆ. ಪೇಟೆಯ ಹತ್ತಿಪ್ಪತ್ತು ಅಂಗಡಿಗಳಲ್ಲಿ ಎಂಟರಲ್ಲಿ ಗೂಡಿದ್ದವು. ಇವೇ ನಮ್ಮ ಊರಿಗೆ ಬರುವವೋ, ಇನ್ನೂ ಆಚೆ ಸೈಬೀರಿಯಾದವು ಬರುತ್ತವೋ ಯಾರು ಬಲ್ಲರು. ಆದರೂ ನನ್ನ ಗಂಡನ ಪ್ರಶ್ನೆಗೆ ಉತ್ತರ ಅಲ್ಲಿ ತಲೆಯ ಮೇಲೇ ಚಿಲಿಪಿಲಿಗುಟ್ಟುತ್ತಿತ್ತು. ಸಂತೋಷವಾಗಬೇಕಿತ್ತು. ನನಗೆ ಅಲ್ಲಿಂದ ಎದ್ದುಹೋಗಿಬಿಡೋಣ ಅನ್ನಿಸಿತು.

ಸಂಜೆ ಬಿಸಿಲು ಇನ್ನೂ ಇತ್ತು. ಮಾಯಾ ನೇಯುವುದು ನಿಲ್ಲಿಸಿ, ಮಗ್ಗದ ಸುತ್ತ ಬಿದ್ದ ನೂಲಿನ ತುಂಡುಗಳನ್ನು ಒಂದೊಂದಾಗಿ ಹೆಕ್ಕಿ ತಗಡಿನ ಡಬ್ಬಿಯಲ್ಲಿ ತುಂಬುತ್ತಿದ್ದಳು. ಅತ್ತೆ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಬೆರಳುದ್ದದ ನೂಲನ್ನು ಏಕೆ ಕೂಡಿಡುತ್ತಾಳೆ ಕೇಳು ಎಂದರು. ಕೇಳಿದೆ. ಹಿಂದೊಮ್ಮೆ ಗುಡಿಸಿ ಹೊರಗೆ ಎಸೆದಿದ್ದಳಂತೆ. ಒಂದು ಎಳೆ ಗೌಂಥಲಿಯ ಕಾಲಿಗೆ ಸುತ್ತಿಕೊಂಡು, ಹಕ್ಕಿ ತಂತಿಗೆ ತಲೆಕೆಳಗಾಗಿ ಜೋತುಬಿದ್ದಿತ್ತಂತೆ. ಬಿಡಿಸಲು ಯಾರಿಂದಲೂ ಆಗಲಿಲ್ಲ. ಎರಡು ದಿನ ರೆಕ್ಕೆ ಬಡಿದು ಸತ್ತಿತಂತೆ. ಅಂದಿನಿಂದ ಅವಳು ಒಂದು ಎಳೆಯನ್ನೂ ಹೊರಗೆ ಹೋಗಗೊಡುವುದಿಲ್ಲ.

"ಏನಂದ್ಳು?" ಅತ್ತೆ ಕೇಳಿದರು.

ನಾನು ಡಬ್ಬಿಯೊಳಗಿನ ನೂಲನ್ನೇ ನೋಡುತ್ತಿದ್ದೆ.

"ಏನಂದ್ಳು ಹೇಳೇ. ಯಾಕೆ ಹಂಗ್ ಮುಖ ಮಾಡ್ಕಂಡೆ?"

ಬೇರೆ ಏನಾದರೂ ಹೇಳಿಬಿಡಬಹುದಿತ್ತು. ನೂಲು ದುಬಾರಿಯಂತೆ ಎಂದರೆ ಆಗುತ್ತಿತ್ತು. ಎರಡು ವರ್ಷ ಮೂರು ತಿಂಗಳು ಹೇಳಿದ ಸುಳ್ಳಿಗೆ ಇನ್ನೊಂದು ಸೇರುತ್ತಿತ್ತು. ನಾನು ಮಾಯಾ ಹೇಳಿದ್ದನ್ನು ಹೇಳಿದೆ. ಹೇಳುತ್ತಾ ಹೇಳುತ್ತಾ ಅದು ಮಾಯಾಳ ಮಾತಾಗಿ ಉಳಿಯಲಿಲ್ಲ.

ಫೆಬ್ರವರಿಯ ಆ ದಿನ ನಮ್ಮ ಯಜಮಾನರೂ ಗೋವಿಂದಣ್ಣನೂ ನಮ್ಮ ಬೀದಿಯ ಲೈನಿನ ಕರೆಂಟು ತೆಗೆಸಿ ರಿಪೇರಿ ಮಾಡಿದ್ದರು. ಕೆಲಸ ಮುಗಿದು ಕೆಳಗಿಳಿದಿದ್ದರು. ಪಕ್ಕದ ಲೈನಿನ ತಂತಿಗೆ ಮಗ್ಗದ ಮನೆಯಿಂದ ಹಾರಿದ ರೇಷ್ಮೆಯ ಎಳೆಯೊಂದು ಸಿಕ್ಕಿಕೊಂಡು, ಅದರಲ್ಲಿ ಒಂದು ಕವಲುತೋಕೆ ಜೋತಾಡುತ್ತಿತ್ತು. ಅವರು ಇಕ್ಕಳ ಕೈಯಲ್ಲಿ ಹಿಡಿದು ಆ ಕಂಬ ಹತ್ತಿದರು. ಎರಡು ಲೈನಿಗೂ ಕರೆಂಟು ಇಲ್ಲವೆಂದುಕೊಂಡಿದ್ದರು. ಆ ಲೈನಿಗೆ ಇತ್ತು. ಗೋವಿಂದಣ್ಣ ಕೂಗುವಷ್ಟರಲ್ಲಿ ಆಗಿಹೋಗಿತ್ತು. ಮೂರನೆಯ ದಿನ ಅವನು ನಮ್ಮ ಮನೆಗೆ ಬಂದು ಅಳುತ್ತಾ ಇದನ್ನು ಹೇಳಿ, ಕೆಲಸದ ಮೇಲೆ ಹೋದ ಎಂದೇ ಇರಲಿ ಅಕ್ಕ, ಹಕ್ಕಿಗೋಸ್ಕರ ಸತ್ತ ಎಂದರೆ ನಗುವವರು ಇರುತ್ತಾರೆ ಎಂದಿದ್ದ. ನನಗೂ ಹಾಗೇ ಅನ್ನಿಸಿತ್ತು.

ಅತ್ತೆ ಪೂರ್ತಿ ಕೇಳಿದರು. ಮಾಯಾಳಿಗೆ ಭಾಷೆ ತಿಳಿಯದಿದ್ದರೂ ಡಬ್ಬಿ ಕೆಳಗಿಟ್ಟಿದ್ದಳು.

"ರೈಲಾಗೆ, ಕಾಶ್ಯಾಗೆ, ಊರಿಗೆಲ್ಲಾ ಹೇಳ್ಕಂಡ್ ಬಂದೆ, ನನ್ನ ಮಗ ಬೆಳಕು ಕೊಡಕ್ಕೋಗಿ ಸತ್ತ ಅಂತ. ನೀನು ಪಕ್ಕದಾಗೇ ಕುಂತು ಕೇಳ್ತಿದ್ದೆ," ಎಂದರು. ಕೂಗಲಿಲ್ಲ. ಆಮೇಲೆ ಎದ್ದು, ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೋದರು. ಅವತ್ತು ನಾನು ಬಡಿಸಿದ್ದನ್ನು ಉಣ್ಣಲಿಲ್ಲ, ಮಾಯಾ ಬಡಿಸಿದ್ದನ್ನು ಉಂಡರು.

ಮೂರನೆಯ ದಿನ

ಬೆಳಿಗ್ಗೆ ನಾನು ಕೆಳಗೆ ಬಂದಾಗ ಅತ್ತೆ ಅಂಗಡಿಯ ನೆಲದ ಮೇಲೆ ಕೂತಿದ್ದರು. ಗೂಡಿನಿಂದ ಒಂದು ಮರಿ ಬಿದ್ದಿತ್ತು. ಅದನ್ನು ಸೆರಗಿನಲ್ಲಿ ಇಟ್ಟುಕೊಂಡಿದ್ದರು. ಮಾಯಾ ಏಣಿ ತರಲು ಪಕ್ಕದ ಮನೆಗೆ ಹೋಗಿದ್ದಳು. ನಾನು ಸ್ವಲ್ಪ ದೂರದಲ್ಲಿ ಕೂತೆ.

ಮರಿಗೆ ತಾಯಿಯ ಬಣ್ಣ ಇನ್ನೂ ಬಂದಿರಲಿಲ್ಲ. ಕತ್ತು ಮಾಸಲು, ಎದೆಯ ಪಟ್ಟಿ ಕಂದು, ಬಾಲ ಮೊಂಡು. ಬಾಯಿಯ ಅಂಚು ಮಾತ್ರ ಅರಿಸಿನದಷ್ಟು ಹಳದಿ. ಬರುವ ದಸರೆಯ ಹೊತ್ತಿಗೆ ಇದು ಸಾವಿರ ಮೈಲಿ ಹಾರಬೇಕು ಎಂದರೆ ನಂಬಲಾಗದಷ್ಟು ಸಣ್ಣದು. ಅತ್ತೆ ಅದರ ಕಾಲನ್ನು ಬೆರಳ ತುದಿಯಿಂದ ಎತ್ತಿ ನೋಡಿದರು. ಮುರಿದಿದೆಯೇ ಎಂದು ನೋಡುತ್ತಿದ್ದಾರೆ ಅಂದುಕೊಂಡೆ. ಒಂದು ಕಾಲನ್ನು ನೋಡಿ, ಇನ್ನೊಂದನ್ನು ನೋಡಿ, ಮತ್ತೆ ಮೊದಲಿನದನ್ನು ನೋಡಿದರು. ನೂಲಿನ ಎಳೆಗಿಂತ ಬಹಳ ದಪ್ಪವೇನೂ ಇರಲಿಲ್ಲ ಆ ಕಾಲು. ಏಣಿ ಬಂದಾಗ ಎರಡೂ ಕೈಯಲ್ಲಿ ಮರಿಯನ್ನು ಮೇಲೆತ್ತಿ ಕೊಟ್ಟರು. ನನ್ನ ಕಡೆ ತಿರುಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೆಳಗಿನ ದಾರಿ ಮಾತ್ರ ತೆರೆಯಿತು, ಮುಂದಿನದಲ್ಲ. ರೈಲಿನ ದಿನ ಹತ್ತಿರವಿತ್ತು. ಕಾಠ್ಮಂಡುವೂ ಬೇಡ, ಮುಕ್ತಿನಾಥವೂ ಬೇಡ, ಹಿಂದಕ್ಕೆ ಹೋಗೋಣ ಎಂದು ಮೇಷ್ಟರು ತೀರ್ಮಾನ ಮಾಡಿದರು. ಒಬ್ಬಾಕೆ ಪಶುಪತಿನಾಥನ ದಿಕ್ಕು ಯಾವುದೆಂದು ಕೇಳಿ, ರಸ್ತೆಯಲ್ಲೇ ಆ ಕಡೆಗೆ ಅಡ್ಡಬಿದ್ದಳು. ಆಮೇಲೆ ಉಳಿದವರೂ ಬಿದ್ದರು. ಅಂಗಡಿಗಳವರು ಹೊರಗೆ ಬಂದು ನೋಡಿದರು, ಯಾರೂ ನಗಲಿಲ್ಲ.

ಮಾಯಾ ಅತ್ತೆಯ ಕೈಯನ್ನು ತನ್ನ ಹಣೆಗೆ ಮುಟ್ಟಿಸಿಕೊಂಡಳು. ಅತ್ತೆ ಅವಳಿಗೆ ತೆಲುಗಿನಲ್ಲಿ ಏನೋ ಹೇಳಿದರು. ಬಸ್ಸಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.

ಗೋರಖಪುರದಿಂದ ಇತ್ತ

ರೈಲಿನಲ್ಲಿ ಅತ್ತೆ ಯಾರ ಹತ್ತಿರವೂ ಮಾತಾಡಲಿಲ್ಲ. ಎದುರು ಸೀಟಿನ ಹೆಂಗಸು ನಿಮ್ಮ ಮಕ್ಕಳೆಷ್ಟು ಎಂದು ಕೇಳಿದಾಗ ಕಣ್ಣು ಮುಚ್ಚಿಕೊಂಡರು. ಮೈದುನನೊಬ್ಬನನ್ನೇ ಎಣಿಸಿ ನಾನು ಉತ್ತರ ಹೇಳಿದೆ, ಒಬ್ಬ ಮಗ ಎಂದು. ಆಮೇಲೆ ನಾಲಿಗೆ ಕಚ್ಚಿಕೊಂಡೆ. ನೀರು ಕೊಟ್ಟರೆ ಕುಡಿಯುತ್ತಿದ್ದರು. ನನ್ನ ಕೈಯಿಂದ ನೀರಾದರೂ ತೆಗೆದುಕೊಂಡರಲ್ಲ ಎಂದುಕೊಂಡೆ.

ನರ್ಮದೆಯ ಸೇತುವೆ ದಾಟಿದ ಮೇಲೆ, ಬೆಳ್ಳಂಬೆಳಗು, ಹಳಿಯ ಪಕ್ಕದ ತಂತಿಗಳು ಕಿಟಕಿಯಲ್ಲಿ ಏಳುತ್ತಾ ಇಳಿಯುತ್ತಾ ಓಡುತ್ತಿದ್ದವು. ಮೇ ತಿಂಗಳು, ಅವುಗಳ ಮೇಲೆ ಏನೂ ಇರಲಿಲ್ಲ. ಅತ್ತೆ ಅದನ್ನೇ ನೋಡುತ್ತಿದ್ದವರು ನನ್ನ ಕಡೆ ತಿರುಗಿದರು.

"ಆ ಹಕ್ಕಿ ಏನಾತು?" ಎಂದರು.

ಎರಡು ವರ್ಷದಲ್ಲಿ ಒಂದು ಸಲವೂ ನಾನು ಅದನ್ನು ಯೋಚಿಸಿರಲಿಲ್ಲ. ಗೋವಿಂದಣ್ಣನನ್ನು 'ಅವರು ಏನಾದರೂ ಅಂದರಾ, ನೋವಾಯಿತಾ' ಎಂದು ಹತ್ತು ಸಲ ಕೇಳಿದ್ದೆ. ಹಕ್ಕಿಯ ಮಾತು ಕೇಳಿರಲಿಲ್ಲ.

"ಗೊತ್ತಿಲ್ಲ ಅತ್ತೆ. ಕೇಳ್ಲಿಲ್ಲ," ಎಂದೆ.

"ಕೇಳು," ಎಂದರು.

ಹಟ್ಟಿ

ಅತ್ತೆಯನ್ನು ಹಟ್ಟಿಗೆ ಬಿಟ್ಟು ಮೊಳಕಾಲ್ಮೂರಿಗೆ ಬಂದ ಮಾರನೆಯ ದಿನ ಗೋವಿಂದಣ್ಣನನ್ನು ಹುಡುಕಿಕೊಂಡು ಹೋದೆ. ಕಂಬದ ಕೆಲಸದಲ್ಲಿದ್ದ. ನನ್ನನ್ನು ನೋಡಿ ಇಳಿದು ಬಂದ. ಕೇಳಿದೆ. ಅವನು ಸೊಂಟದ ಬೆಲ್ಟಿನ ಬಕಲ್ ಬಿಚ್ಚಿ, ಮತ್ತೆ ಹಾಕಿ, ಮತ್ತೆ ಬಿಚ್ಚಿದ.

"ನಾನು ಓಬಳೇಶನ್ನೇ ನೋಡ್ತಿದ್ದೆ ಅಕ್ಕ. ಹಕ್ಕಿ ಕಡೆ ನೋಡ್ಲಿಲ್ಲ."

ಆಮೇಲೆ ಇನ್ನೊಂದು ಮಾತು ಹೇಳಿದ. ಮರುದಿನ ಆ ಲೈನಿನ ಕರೆಂಟು ತೆಗೆದು ಕಂಬ ಹತ್ತಿದವನು ಅವನೇ. ರೇಷ್ಮೆಯ ಎಳೆ ತಂತಿಯಲ್ಲಿ ಇನ್ನೂ ಇತ್ತು. ಗೇಣುದ್ದ ಇಳಿದು, ಅಲ್ಲಿಗೆ ನಿಂತಿತ್ತು. ಹರಿದದ್ದಲ್ಲ, ಇಕ್ಕಳದಿಂದ ಕತ್ತರಿಸಿದ್ದು. ತುದಿ ನೆಟ್ಟಗೆ ಇತ್ತು. ಕೆಳಗೆ ಹುಡುಕಿದ, ಹಕ್ಕಿ ಇರಲಿಲ್ಲ. ಬೆಕ್ಕೋ ನಾಯಿಯೋ ಎತ್ತಿಕೊಂಡು ಹೋಗಿರಬಹುದು, ಹಾರಿಹೋಗಿರಲೂಬಹುದು, ಸುಳ್ಳು ಹೇಳಲಾರೆ ಅಕ್ಕ ಎಂದ.

ಭಾನುವಾರ ಹಟ್ಟಿಗೆ ಹೋದೆ. ಮೈದುನ ಕುರಿ ಹೊಡೆದುಕೊಂಡು ಕಾವಲಿಗೆ ಹೋಗಿದ್ದ. ಅತ್ತೆ ಅಂಗಳದ ಬೇವಿನ ಕೆಳಗೆ ಉಣ್ಣೆ ಬಿಡಿಸುತ್ತಾ ಕೂತಿದ್ದರು. ಬಾ ಎನ್ನಲಿಲ್ಲ, ಪಕ್ಕದಲ್ಲಿದ್ದ ಉಣ್ಣೆಯ ರಾಶಿಯನ್ನು ಸರಿಸಿ ಜಾಗ ಮಾಡಿದರು. ಗೋವಿಂದಣ್ಣ ಹೇಳಿದ್ದನ್ನು ಅವನು ಹೇಳಿದ ಹಾಗೇ ಹೇಳಿದೆ. ಬೆಕ್ಕನ್ನೂ ನಾಯಿಯನ್ನೂ ಬಿಡಲಿಲ್ಲ. ಹಾರಿಹೋಯಿತಂತೆ ಎಂದು ಮುಗಿಸಿಬಿಡಲು ನನಗೆ ಎಷ್ಟು ಆಸೆಯಾಯಿತೆಂದರೆ, ನಾನು ಕೈಯಲ್ಲಿದ್ದ ಉಣ್ಣೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.

"ಕತ್ತರಿಸಿದ್ನಾ?" ಅತ್ತೆ ಕೇಳಿದರು.

"ಹೂಂ ಅತ್ತೆ. ಕತ್ತರಿಸಿದ್ರು."

"ನೆಟ್ಟಗೆ?"

"ನೆಟ್ಟಗೆ ಅಂದ ಗೋವಿಂದಣ್ಣ."

ಅತ್ತೆ ಉಣ್ಣೆ ಕೆಳಗಿಟ್ಟರು. ಮಗ ಸತ್ತ ದಿನ ಹಟ್ಟಿಯ ಹೆಂಗಸರೆಲ್ಲ ಎದೆ ಬಡಿದುಕೊಂಡು ಅಳುವಾಗ ಇವರು ಕಲ್ಲಿನ ಹಾಗೆ ನಿಂತಿದ್ದರು. ಕಾಶಿಯ ನೀರಿನಲ್ಲಿ ನಿಂತಾಗಲೂ ಅತ್ತಿರಲಿಲ್ಲ. ಈಗ ಮೊಣಕಾಲಿನ ಮೇಲೆ ತಲೆ ಇಟ್ಟು, ಸದ್ದಿಲ್ಲದೆ, ಬೆನ್ನು ಅಲ್ಲಾಡುವ ಹಾಗೆ ಅತ್ತರು. ಬಹಳ ಹೊತ್ತು ಅತ್ತರು. ನಾನು ಹತ್ತಿರ ಸರಿದು ಕೂತೆ. ಮುಟ್ಟಬಹುದೋ ಬೇಡವೋ ತಿಳಿಯದೆ ಕೈಯನ್ನು ನೆಲದ ಮೇಲೆ, ಅವರ ಕಾಲಿನ ಪಕ್ಕದಲ್ಲಿ ಇಟ್ಟುಕೊಂಡೆ.

ಬಿಸಿಲು ಇಳಿಯಿತು. ಕುರಿಗಳು ಬರುವ ಧೂಳು ದೂರದಲ್ಲಿ ಕಾಣಿಸಿತು. ನಾನು ಬ್ಯಾಗು ಎತ್ತಿಕೊಂಡು, ಬರ್ತೀನಿ ಅತ್ತೆ, ಬಸ್ಸಿಗೆ ಹೊತ್ತಾಯ್ತು ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಇವತ್ತು ಹೋಗ್ಬ್ಯಾಡ," ಎಂದರು. "ಮುದ್ದೆಗೆ ಎಸರಿಡು."

ನಾನು ಒಳಗೆ ಹೋಗಿ ಒಲೆ ಹೊತ್ತಿಸಿದೆ. ಮೊಳಕಾಲ್ಮೂರಿನ ಬಸ್ಸು ಹಟ್ಟಿಯ ಮುಂದೆ ಒಂದು ಗಳಿಗೆ ನಿಂತು, ಯಾರೂ ಹತ್ತದೆ, ಹೊರಟುಹೋದದ್ದು ಕೇಳಿಸಿತು.